ಮ್ಯೂನಿಕ್ ಒಂದಲ್ಲ, ಎರಡು: ಹೊಸದಾಗಿ ಬಂದ ಕುಟುಂಬಗಳಿಗೆ ಇಲ್ಲಿನ ಆಡಳಿತದ ಪರಿಚಯ

ಜರ್ಮನಿಯ ಮ್ಯೂನಿಕ್‌ಗೆ ಹೊಸದಾಗಿ ಬಂದ ಕನ್ನಡಿಗರು ಇಲ್ಲಿನ ನಮ್ಮ ಸಂಘಕ್ಕೆ ಫೋನ್ ಮಾಡಿ ಏನೇನೋ ಕೇಳುತ್ತಾರೆ. ವೀಸಾ ಎಲ್ಲಿ ಮುಂದುವರಿಸಬೇಕು, ಕಾರು ಎಲ್ಲಿ ನೋಂದಾಯಿಸಬೇಕು, ಮಗುವಿಗೆ ಯಾವ ಶಾಲೆ, ಹಳೇ ಸೋಫಾ ಎಲ್ಲಿ ಹಾಕಿ ಬರಬೇಕು. ನಾವು ತಿರುಗಿ ಕೇಳುವುದು ಮಾತ್ರ ಒಂದೇ: ಮನೆ ಯಾವ ಊರಲ್ಲಿ? "ಮ್ಯೂನಿಕ್‌ನಲ್ಲೇ" ಅನ್ನುತ್ತಾರೆ. ಎಷ್ಟೋ ಸಲ ಅದು ತಪ್ಪಾಗಿರುತ್ತದೆ.

ಯು6 ಮೆಟ್ರೋ ಹತ್ತಿ ಉತ್ತರಕ್ಕೆ ಹೋಗಿ. ಫ್ರೋಟ್‌ಮಾನಿಂಗ್‌ನಲ್ಲಿ ಫುಟ್‌ಬಾಲ್ ಸ್ಟೇಡಿಯಂ ಕಾಣುತ್ತದೆ. ಅದು ದಾಟಿ ಗಾರ್ಚಿಂಗ್ ಹೋಖ್‌ಬ್ರುಕ್ ಸ್ಟೇಷನ್ ಬರುವ ಹೊತ್ತಿಗೆ ಮ್ಯೂನಿಕ್ ನಗರ ಮುಗಿದಿರುತ್ತದೆ. ರೈಲು ಬದಲಾಗುವುದಿಲ್ಲ, ಕಿಟಕಿಯಾಚೆ ಗಡಿ ಅಂತ ಏನೂ ಕಾಣುವುದಿಲ್ಲ. ಆದರೆ ಅಲ್ಲಿಂದ ಮುಂದೆ ನಿಮ್ಮ ವೀಸಾ ಫೈಲ್ ಇಡುವ ಕಚೇರಿ ಬೇರೆ, ಕಾರಿನ ಕಚೇರಿ ಬೇರೆ, ಕಸದ ನಿಯಮವೂ ಬೇರೆ. ದಕ್ಷಿಣದಲ್ಲೂ ಇದೇ ಕಥೆ. ನೊಯ್‌ಪೆರ್ಲಾಖ್ ನಗರದೊಳಗೆ, ಅದಕ್ಕೆ ಅಂಟಿಕೊಂಡೇ ಇರುವ ನೊಯ್‌ಬೀಬೆರ್ಗ್ ಹೊರಗೆ.

ಹೊರಗೆ ಅಂದರೆ ಎಲ್ಲಿ? ಅಲ್ಲೇ ಇರುವುದು ತಮಾಷೆ. ಅದರ ಹೆಸರೂ ಮ್ಯೂನಿಕ್ಕೇ. ಒಂದು ಮ್ಯೂನಿಕ್ ನಗರ, 15 ಲಕ್ಷಕ್ಕೂ ಜಾಸ್ತಿ ಜನ. ಇನ್ನೊಂದು ಲಾಂಡ್‌ಕ್ರೈಸ್ ಮ್ಯೂನಿಕ್, ಅಂದರೆ ಮ್ಯೂನಿಕ್ ಜಿಲ್ಲೆ. ನಗರವನ್ನು ಅಪ್ಪಿಕೊಂಡಂತೆ ಸುತ್ತ ಹರಡಿರುವ 29 ಊರುಗಳು, ಸುಮಾರು 3.5 ಲಕ್ಷ ಜನ. ಗಾರ್ಚಿಂಗ್, ಉಂಟರ್‌ಶ್ಲೈಸ್‌ಹೈಮ್, ಉಂಟರ್‌ಹಾಖಿಂಗ್, ಒಟ್ಟೊಬ್ರುನ್, ಹಾರ್ ಎಲ್ಲ ಇದರೊಳಗೆ. ನಗರ ಈ ಜಿಲ್ಲೆಯ ಭಾಗ ಅಲ್ಲ. ಜಿಲ್ಲೆಗೆ ನಗರದ ಮೇಲೆ ಅಧಿಕಾರವೂ ಇಲ್ಲ.

ನಾನು ಬಂದ ಹೊಸದರಲ್ಲಿ ಉಂಟರ್‌ಹಾಖಿಂಗ್‌ನಲ್ಲಿ ಮನೆ ಮಾಡಿದ್ದೆ. ವೀಸಾ ಕೆಲಸಕ್ಕೆ ಅಂತ ಒಂದು ದಿನ ರಜೆ ಹಾಕಿ, ಹೆಂಡತಿ, ಮಗು, ಎರಡು ಫೈಲ್ ಸಮೇತ ನಗರದ ಕಚೇರಿಗೆ ಹೋದೆ. ಕೌಂಟರ್‌ನಲ್ಲಿದ್ದ ಹೆಂಗಸು ಫೈಲ್ ತೆರೆಯಲೇ ಇಲ್ಲ. ಮೇಲಿನ ಕಾಗದದಲ್ಲಿ ವಿಳಾಸ ನೋಡಿದರು, ಫೈಲನ್ನು ನನ್ನ ಕಡೆಗೇ ಮೆಲ್ಲಗೆ ತಳ್ಳಿದರು. "ಲಾಂಡ್‌ಕ್ರೈಸ್" ಅಂದರು, ಅಷ್ಟೇ. ತಪ್ಪು ನನ್ನದೇ. ಜಿಲ್ಲೆಯ ಕಚೇರಿ ಎಲ್ಲಿದೆ ಅಂತ ಹುಡುಕಿದರೆ, ಅದು ಇರುವುದು ಜಿಲ್ಲೆಯಲ್ಲಿ ಅಲ್ಲ, ಮ್ಯೂನಿಕ್ ನಗರದ ಮಧ್ಯೆ, ಮಾರಿಯಾಹಿಲ್ಫ್‌ಪ್ಲಾಟ್ಸ್‌ನಲ್ಲಿ! ಈಗಲೂ ಅಲ್ಲೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ನೀವೂ ನಕ್ಷೆ ಹಿಡಿದು ಹಳ್ಳಿ ಕಡೆ ಹೊರಡುತ್ತೀರಿ.

ಮೇಲಿಂದ ಕೆಳಗೆ

ಜರ್ಮನಿಯಲ್ಲಿ 16 ರಾಜ್ಯಗಳು. ನಾವಿರುವುದು ಬವೇರಿಯಾ, ಇಲ್ಲಿನವರು ಬಾಯರ್ನ್ ಅನ್ನುತ್ತಾರೆ. ರಾಜ್ಯದ ಕೆಳಗೆ ಜಿಲ್ಲೆ ಮಟ್ಟ. ದೇಶದಲ್ಲಿ ಒಟ್ಟು 400 ಇವೆ: 294 ಲಾಂಡ್‌ಕ್ರೈಸ್, 106 ಜಿಲ್ಲೆಗೆ ಸೇರದ ನಗರ. ಜಿಲ್ಲೆಯ ಕೆಳಗೆ ಗೆಮೈಂಡೆ, ಅಂದರೆ ನಮ್ಮ ಪಂಚಾಯಿತಿ ಅಥವಾ ಪುರಸಭೆ. ಬವೇರಿಯಾ ಒಂದರಲ್ಲೇ 71 ಲಾಂಡ್‌ಕ್ರೈಸ್, 25 ಸ್ವತಂತ್ರ ನಗರ, 2,056 ಗೆಮೈಂಡೆ.

ಜಿಲ್ಲೆ ಅಂದ ಕೂಡಲೇ ನಮ್ಮ ತುಮಕೂರು, ಬೆಳಗಾವಿ ಅಂದುಕೊಳ್ಳಬೇಡಿ. ಬವೇರಿಯಾ ಕರ್ನಾಟಕದ ಅರ್ಧಕ್ಕಿಂತ ಚಿಕ್ಕದು. ಕರ್ನಾಟಕದಲ್ಲಿ 31 ಜಿಲ್ಲೆ, ಇಲ್ಲಿ 71 ಮತ್ತು 25 ಸೇರಿ 96. ಹೆಸರು ಜಿಲ್ಲೆ, ಅಳತೆ ತಾಲ್ಲೂಕಿನದು ಅಂದುಕೊಂಡರೆ ಸರಿಹೋಗುತ್ತದೆ. ಮೊದಲು ಇನ್ನೂ ಜಾಸ್ತಿ ಇದ್ದವು. ಬವೇರಿಯಾದಲ್ಲಿ 143 ಇದ್ದ ಲಾಂಡ್‌ಕ್ರೈಸ್‌ಗಳನ್ನು 1972ರ ಜುಲೈ 1ರಂದು ಸೇರಿಸಿ 71 ಮಾಡಿದರು. ಹಳಬರಿಗೆ ಆ ಸಿಟ್ಟು ಇನ್ನೂ ಇದೆ. ವೋಲ್ಫ್‌ರಾಟ್ಸ್‌ಹೌಸನ್ ಆಗ ತನ್ನ ಜಿಲ್ಲೆ ಕಳೆದುಕೊಂಡಿತು. ನಂಬರ್ ಪ್ಲೇಟಿನಲ್ಲಿ ಹಳೇ ಜಿಲ್ಲೆಯ ಅಕ್ಷರಗಳಿಗೆ ಮತ್ತೆ ಅವಕಾಶ ಸಿಕ್ಕಿದ ಮೇಲೆ ಅಲ್ಲಿನವರು ಕಾರಿಗೆ ಪುನಃ "ಡಬ್ಲ್ಯೂಓಆರ್" ಹಾಕಿಸಿಕೊಂಡರು.

ಜಿಲ್ಲೆಗೆ ಸೇರದ ನಗರ ಅನ್ನುವುದೇ ಹೊಸಬರಿಗೆ ಗೊಂದಲ. ಮ್ಯೂನಿಕ್, ಔಗ್ಸ್‌ಬುರ್ಗ್, ನ್ಯೂರ್ನ್‌ಬೆರ್ಗ್, ಇಂಗೋಲ್‌ಶ್ಟಾಟ್ ಇಂಥವು. ಇವು ಊರೂ ಹೌದು, ಜಿಲ್ಲೆಯೂ ಹೌದು. ಎರಡೂ ಕೆಲಸ ಒಂದೇ ಆಡಳಿತದ ಕೈಯಲ್ಲಿ. ಹಾಗಾಗಿ ನಗರದೊಳಗೆ ಮನೆ ಇದ್ದರೆ ಹೆಚ್ಚುಕಮ್ಮಿ ಎಲ್ಲಕ್ಕೂ ನಗರಪಾಲಿಕೆಯ ಕಚೇರಿಗಳೇ. ಅದರಲ್ಲೂ ವೀಸಾ, ಕಾರು ನೋಂದಣಿ ನೋಡಿಕೊಳ್ಳುವ ಕೆವಿಆರ್ ಅನ್ನುವ ವಿಭಾಗದ ಹೆಸರು ಪದೇ ಪದೇ ಕೇಳುತ್ತೀರಿ. ಹೊರಗೆ ಮನೆ ಇದ್ದರೆ ಎರಡು ಬಾಗಿಲು: ಊರಿನ ಆಡಳಿತ ಕಚೇರಿ ರಾಟ್‌ಹೌಸ್ ಒಂದು, ಜಿಲ್ಲೆಯ ಕಚೇರಿ ಲಾಂಡ್ರಾಟ್ಸ್‌ಆಮ್ಟ್ ಇನ್ನೊಂದು.

ಲಾಂಡ್ರಾಟ್ಸ್‌ಆಮ್ಟ್‌ನ ಮುಖ್ಯಸ್ಥ ಲಾಂಡ್‌ರಾಟ್. ನಮ್ಮ ಡಿಸಿ ಥರ ಅಂತ ಹೇಳಿ ಸುಮ್ನೆ ಮುಂದೆ ಹೋಗಬಹುದು, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಡಿಸಿಯನ್ನು ಸರ್ಕಾರ ಹಾಕುತ್ತದೆ, ಸರ್ಕಾರವೇ ಎತ್ತಂಗಡಿ ಮಾಡುತ್ತದೆ. ಬವೇರಿಯಾದ ಲಾಂಡ್‌ರಾಟ್‌ನನ್ನು ಜಿಲ್ಲೆಯ ಜನರೇ ಓಟು ಹಾಕಿ 6 ವರ್ಷಕ್ಕೆ ಆರಿಸುತ್ತಾರೆ. ಅವರ ಕಚೇರಿಗೆ ಎರಡು ಟೋಪಿ. ಜಿಲ್ಲೆಯ ಸ್ವಂತ ಕೆಲಸವನ್ನೂ ನೋಡುತ್ತದೆ, ರಾಜ್ಯ ಸರ್ಕಾರದ ಪರವಾಗಿಯೂ ಕೆಲಸ ಮಾಡುತ್ತದೆ. ಊರಿನ ವಿಷಯವನ್ನು ಊರೇ ನಿರ್ಧರಿಸಬೇಕು ಅನ್ನುವುದು ಇಲ್ಲಿ ಬರೀ ಪದ್ಧತಿ ಅಲ್ಲ. 1949ರ ಸಂವಿಧಾನದ 28ನೇ ವಿಧಿಯಲ್ಲೇ ಬರೆದಿದ್ದಾರೆ.

ಜಿಲ್ಲೆ ಮತ್ತು ರಾಜ್ಯದ ಮಧ್ಯೆ ಇನ್ನೊಂದು ಮೆಟ್ಟಿಲಿದೆ, ನಮ್ಮ ಕಂದಾಯ ವಿಭಾಗದಂತೆ. ಬವೇರಿಯಾದಲ್ಲಿ ಅಂಥವು 7. ನಾವು ಓಬರ್‌ಬಾಯರ್ನ್‌ನಲ್ಲಿದ್ದೇವೆ. ದಿನದ ಬದುಕಲ್ಲಿ ಇದರ ಹತ್ತಿರ ಕೆಲಸ ಬೀಳುವುದು ಕಮ್ಮಿ, ಬಿಟ್ಟುಬಿಡಿ.

ಮೊದಲ ಎರಡು ವಾರ

ಮನೆಗೆ ಬಂದು 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ತಡ ಮಾಡಿದರೆ 1,000 ಯೂರೋವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಇದು ಗೆಮೈಂಡೆ ಕೆಲಸ. ನಗರದಲ್ಲಿದ್ದರೆ ಬ್ಯೂರ್ಗರ್‌ಬ್ಯೂರೋ ಅನ್ನುವ ನಾಗರಿಕ ಸೇವಾ ಕಚೇರಿಗೆ ಹೋಗಿ, ಹೊರಗಿದ್ದರೆ ನಿಮ್ಮ ಊರಿನ ರಾಟ್‌ಹೌಸ್‌ಗೆ. ನಗರದಲ್ಲಿ ಆನ್‌ಲೈನ್‌ನಲ್ಲಿ ಸಮಯ ಗೊತ್ತು ಮಾಡಿಕೊಂಡೇ ಹೋಗಿ, ಮನೆ ಸಿಕ್ಕ ದಿನವೇ ಹುಡುಕಲು ಶುರು ಮಾಡಿ.

ಎಲ್ಲರ ಪಾಸ್‌ಪೋರ್ಟ್, ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರ ಜೊತೆಗಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಮನೆ ಕೊಟ್ಟವರು ಸಹಿ ಹಾಕಿದ ಒಂದು ಪುಟದ ಚೀಟಿ, ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಹೆಸರು ಬಾಯಿಗೆ ಬರದಿದ್ದರೂ ಪರವಾಗಿಲ್ಲ, ಕಾಗದ ಕೈಯಲ್ಲಿರಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಕೀ ತಗೊಳ್ಳುವ ದಿನವೇ ಓನರ್ ಹತ್ತಿರ ಸಹಿ ಹಾಕಿಸಿಕೊಳ್ಳಿ.

ಫಾರಂನಲ್ಲಿ ಧರ್ಮ ಅಂತ ಒಂದು ಕಾಲಂ ಇದೆ. ಅದನ್ನು ಹಗುರವಾಗಿ ತಗೋಬೇಡಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಚರ್ಚ್‌ನ ಸದಸ್ಯರು ಅಂತ ದಾಖಲಾದರೆ, ಆದಾಯ ತೆರಿಗೆಯ ಮೇಲೆ ಬವೇರಿಯಾದಲ್ಲಿ ಶೇ. 8ರಷ್ಟು ಚರ್ಚ್ ತೆರಿಗೆ ಸಂಬಳದಲ್ಲೇ ಹಿಡಿಯುತ್ತಾರೆ. ಮಂಗಳೂರು ಕಡೆಯಿಂದ ಬಂದ ಕುಟುಂಬಗಳು ಮೊದಲ ಸಂಬಳದ ಚೀಟಿ ನೋಡಿ ಗಾಬರಿಯಾಗುವುದುಂಟು. ಕೊಡುವುದು ಬಿಡುವುದು ನಿಮ್ಮಿಷ್ಟ, ಗೊತ್ತಿದ್ದು ಬರೆಯಿರಿ ಅಷ್ಟೇ.

ಇನ್ನು ನಮ್ಮ ಹೆಸರಿನ ಪಾಡು. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಸೇರಿದ ಹೆಸರು ಇವರಿಗೆ ಅರ್ಥವಾಗುವುದಿಲ್ಲ. ಪಾಸ್‌ಪೋರ್ಟ್‌ನ ಯಾವ ಕಾಲಂನಲ್ಲಿ ಏನಿದೆಯೋ ಅದನ್ನೇ ಎತ್ತಿ ಬರೆಯುತ್ತಾರೆ. ಎದ್ದು ಬರುವ ಮೊದಲು ಅಚ್ಚಾದ ಹಾಳೆಯ ಒಂದೊಂದು ಅಕ್ಷರವನ್ನೂ ಓದಿ. ನಂತರ ತಿದ್ದಿಸುವುದು ದೊಡ್ಡ ರಗಳೆ.

ಅಂದೇ ಮನೆಗೆ ಬಂದು ಮಾಡಬೇಕಾದ ಕೆಲಸ: ಅಂಚೆಪೆಟ್ಟಿಗೆಯ ಮೇಲೆ ಮನೆಯವರೆಲ್ಲರ ಹೆಸರು ಅಂಟಿಸಿ. ಇಲ್ಲಿ ಫ್ಲಾಟ್ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಕೇಂದ್ರ ತೆರಿಗೆ ಕಚೇರಿಯಿಂದ ಅಂಚೆಯಲ್ಲೇ ಬರುತ್ತದೆ. ಹೆಂಡತಿಯದು ಬೇರೆ, ಮಗುವಿನದು ಬೇರೆ. ಹೆಸರಿಲ್ಲದ ಪೆಟ್ಟಿಗೆ ಕಂಡರೆ ಅಂಚೆಯವರು ವಾಪಸ್ ಒಯ್ಯುತ್ತಾರೆ. ರೇಡಿಯೋ ಟಿವಿ ಶುಲ್ಕದ ಕಾಗದ ಮಾತ್ರ ಹೇಗೋ ತಲುಪಿಬಿಡುತ್ತದೆ! ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ಅದು ಮೋಸದ ಕಾಗದ ಅಲ್ಲ, ಹರಿದು ಹಾಕಬೇಡಿ.

ವೀಸಾ, ಕಾರು, ಲೈಸೆನ್ಸ್

ಈ ಮೂರೂ ಜಿಲ್ಲೆ ಮಟ್ಟದ ಕೆಲಸ. ನಗರದಲ್ಲಿದ್ದರೆ ಕೆವಿಆರ್, ಮ್ಯೂನಿಕ್ ಜಿಲ್ಲೆಯಲ್ಲಿದ್ದರೆ ಅದರ ಲಾಂಡ್ರಾಟ್ಸ್‌ಆಮ್ಟ್. ಡಾಖಾವ್, ಫ್ರೈಸಿಂಗ್, ಎಬರ್ಸ್‌ಬೆರ್ಗ್ ಕಡೆ ಇದ್ದರೆ ಆ ಜಿಲ್ಲೆಗಳದು. ಆಫೀಸ್ ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ನೊಯ್‌ಬೀಬೆರ್ಗ್‌ನ ಕ್ಯಾಂಪಸ್‌ನಲ್ಲಿ ಕೆಲಸ ಮಾಡಿಕೊಂಡು ನೊಯ್‌ಪೆರ್ಲಾಖ್‌ನಲ್ಲಿ ಇದ್ದರೆ ನೀವು ನಗರದವರೇ.

ಜಿಲ್ಲೆಯ ಗಡಿ ದಾಟಿ ಮನೆ ಬದಲಿಸುವವರು ಇಲ್ಲಿ ಸ್ವಲ್ಪ ನಿಧಾನಿಸಿ. ನಮ್ಮ ಪರಿಚಯದ ಒಂದು ಕುಟುಂಬ ಬ್ಲೂ ಕಾರ್ಡ್, ಅಂದರೆ ಕೆಲಸಕ್ಕೆ ಬಂದವರ ವಾಸದ ಪರವಾನಗಿ, ಅದರ ನವೀಕರಣಕ್ಕೆ ಅರ್ಜಿ ಹಾಕಿ, ಉತ್ತರ ಬರುವ ಮೊದಲೇ ಊರು ಬದಲಿಸಿತು. ಫೈಲ್ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬೇಕು. ಹೋಗುವಷ್ಟರಲ್ಲಿ ಕಾರ್ಡಿನ ಅವಧಿ ಮುಗಿದಿತ್ತು, ಅಜ್ಜಿಗೆ ಹುಷಾರಿಲ್ಲ ಅಂತ ಊರಿಗೆ ಹೊರಡಬೇಕಿತ್ತು. ಅರ್ಜಿ ವಿಚಾರಣೆಯಲ್ಲಿದೆ ಅನ್ನುವ ಮಧ್ಯಂತರ ಪ್ರಮಾಣಪತ್ರಕ್ಕೆ ಅಲೆದು ಅಲೆದು ಸಾಕಾಯಿತು. ಸಾಧ್ಯವಾದರೆ ಹೊಸ ಕಾರ್ಡ್ ಕೈಗೆ ಬಂದ ಮೇಲೆ ಮನೆ ಬದಲಿಸಿ. ಆಗದಿದ್ದರೆ ಅರ್ಜಿಯ ಪ್ರತಿ, ಕಳಿಸಿದ ಇಮೇಲ್ ಎಲ್ಲ ಜೋಪಾನವಾಗಿಟ್ಟು, ಹೊಸ ಕಚೇರಿಗೆ ನೀವೇ ಮೊದಲು ಬರೆಯಿರಿ. ಇಲ್ಲಿ ಮನೆ ಬದಲಿಸುವಾಗ ಹಳೇ ಊರಲ್ಲಿ ಹೆಸರು ತೆಗೆಸುವ ಕೆಲಸವಿಲ್ಲ. ಹೊಸ ಊರಲ್ಲಿ ನೋಂದಾಯಿಸಿದರೆ ಸಾಕು. ಜರ್ಮನಿ ಬಿಟ್ಟೇ ಹೋಗುವಾಗ ಮಾತ್ರ ತೆಗೆಸಬೇಕು.

ಕಾರಿನ ನಂಬರ್ ಪ್ಲೇಟ್ ನೋಡಿ ಯಾವ ಜಿಲ್ಲೆ ಅಂತ ಹೇಳಬಹುದು ಅಂತಾರೆ. ಈಗ ಅದನ್ನೂ ನಂಬುವ ಹಾಗಿಲ್ಲ. 2015ರಿಂದ ಬೇರೆ ಜಿಲ್ಲೆಗೆ ಹೋದರೂ ಹಳೇ ನಂಬರ್ ಇಟ್ಟುಕೊಳ್ಳಬಹುದು, ಆದರೆ ಹೊಸ ವಿಳಾಸಕ್ಕೆ ನೋಂದಣಿ ಬದಲಿಸಲೇಬೇಕು. ಅದಲ್ಲದೆ ಮ್ಯೂನಿಕ್ ನಗರಕ್ಕೂ ಜಿಲ್ಲೆಗೂ ಒಂದೇ "ಎಂ" ಅಕ್ಷರ. ಊರಿಂದ ತಂದ ಲೈಸೆನ್ಸ್ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. ಇಪ್ಪತ್ತು ವರ್ಷ ಬೆಂಗಳೂರಲ್ಲಿ ಓಡಿಸಿದ್ದೀನಿ ಅನ್ನುವವರೇ ಬಲಗಡೆಯಿಂದ ಬರುವವರಿಗೆ ದಾರಿ ಬಿಡದೆ ಫೇಲಾಗುವುದು.

ಮಕ್ಕಳಿದ್ದರೆ

ಮಗು ಹುಟ್ಟಿದರೆ ಜನನ ಪ್ರಮಾಣಪತ್ರ ಕೊಡುವುದು ಆಸ್ಪತ್ರೆ ಇರುವ ಊರಿನ ಶ್ಟಾಂಡೆಸ್‌ಆಮ್ಟ್ (ಜನನ, ಮದುವೆ, ಮರಣ ನೋಂದಾಯಿಸುವ ಕಚೇರಿ), ನಿಮ್ಮ ಮನೆ ಇರುವ ಊರಿನದಲ್ಲ. ಗಾರ್ಚಿಂಗ್‌ನವರ ಮಗು ಮ್ಯೂನಿಕ್‌ನ ಆಸ್ಪತ್ರೆಯಲ್ಲಿ ಹುಟ್ಟಿದರೆ ಕಾಗದ ನಗರದಿಂದ ಬರುತ್ತದೆ. ಜನನದ ವರದಿ ಒಂದು ವಾರದೊಳಗೆ ಹೋಗಬೇಕು, ಸಾಮಾನ್ಯವಾಗಿ ಆಸ್ಪತ್ರೆಯವರೇ ಕಳಿಸುತ್ತಾರೆ.

ಶಿಶುವಿಹಾರಕ್ಕೆ ಅರ್ಜಿ ಹಾಕುವುದು ಗೆಮೈಂಡೆಯಲ್ಲಿ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗುವುದು 2013ರ ಆಗಸ್ಟ್‌ನಿಂದ ಕಾನೂನಿನ ಹಕ್ಕು. ಜಾಗ ಸಿಗದಿದ್ದರೆ ಕೇಳಬೇಕಾದದ್ದು ಮಾತ್ರ ಜಿಲ್ಲೆ ಮಟ್ಟದ ಯೂಗೆಂಡ್‌ಆಮ್ಟ್ ಅನ್ನು, ಅಂದರೆ ಮಕ್ಕಳ ಕಲ್ಯಾಣದ ಕಚೇರಿಯನ್ನು. ಈ ಎರಡು ಬಾಗಿಲ ಗೊಂದಲದಲ್ಲೇ ಎಷ್ಟೋ ಜನ ತಿಂಗಳು ಕಳೆಯುತ್ತಾರೆ.

ಪ್ರಾಥಮಿಕ ಶಾಲೆಯನ್ನು ನೀವು ಆರಿಸುವುದಿಲ್ಲ, ವಿಳಾಸ ಆರಿಸುತ್ತದೆ. ಒಂದೊಂದು ಸರ್ಕಾರಿ ಶಾಲೆಗೂ ಶ್ಪ್ರೆಂಗೆಲ್ ಅಂತ ಗೊತ್ತು ಮಾಡಿದ ಬೀದಿಗಳಿವೆ. ರಸ್ತೆಯ ಆ ಬದಿ ಒಂದು ಶಾಲೆ, ಈ ಬದಿ ಇನ್ನೊಂದು ಆಗಿರಬಹುದು. ಬೇರೆ ಶಾಲೆ ಬೇಕು ಅಂದರೆ ಗಟ್ಟಿ ಕಾರಣ ಕೊಟ್ಟು ಅರ್ಜಿ ಹಾಕಬೇಕು. "ಅಲ್ಲಿ ನಮ್ಮವರ ಮಕ್ಕಳಿದ್ದಾರೆ" ಅನ್ನುವುದು ಗಟ್ಟಿ ಕಾರಣ ಅಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಿ. ಕಟ್ಟಡ ಊರಿನದು, ಶಿಕ್ಷಕರ ಸಂಬಳ ರಾಜ್ಯದ್ದು. ಹಾಗಾಗಿ ಶಾಲೆಯ ಮಾಡು ಸೋರಿದರೆ ರಾಟ್‌ಹೌಸ್, ಪಾಠದ ದೂರಿದ್ದರೆ ಮೊದಲು ಶಾಲೆ, ಆಮೇಲೆ ರಾಜ್ಯದ ಶಾಲಾ ಕಚೇರಿ.

ಇನ್ನು ಕಸದ ವಿಷಯ. ಅದರ ನಿಯಮ ಊರಿಂದ ಊರಿಗೆ ಬದಲಾಗುತ್ತದೆ. ಡಬ್ಬದ ಬಣ್ಣ, ತಗೊಂಡು ಹೋಗುವ ದಿನ, ಪ್ಲಾಸ್ಟಿಕ್ ಎಲ್ಲಿ ಹಾಕಬೇಕು ಎಲ್ಲ. ಹಳೇ ಸೋಫಾ ಹೊತ್ತು ಪಕ್ಕದೂರಿನ ಸಂಗ್ರಹ ಕೇಂದ್ರಕ್ಕೆ ಹೋದರೆ ವಿಳಾಸ ಕೇಳಿ ವಾಪಸ್ ಕಳಿಸಬಹುದು.

ನಮ್ಮ ಮಾತು ಎಲ್ಲಿ ನಡೆಯುತ್ತದೆ

ನಗರಸಭೆ, ಜಿಲ್ಲಾ ಪರಿಷತ್ತು, ಮೇಯರ್, ಲಾಂಡ್‌ರಾಟ್ ಚುನಾವಣೆ ಬವೇರಿಯಾದಲ್ಲಿ 6 ವರ್ಷಕ್ಕೊಮ್ಮೆ. ಒಂದು 2020ರಲ್ಲಿ, ಅದರ ನಂತರದ್ದು 2026ರ ಮಾರ್ಚ್‌ನಲ್ಲಿ. ಜರ್ಮನ್ ಪೌರರಿಗೂ ಯುರೋಪಿಯನ್ ಒಕ್ಕೂಟದವರಿಗೂ ಓಟು ಉಂಟು, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲ. ತೆರಿಗೆ ಕಟ್ಟಿ ಓಟಿಲ್ಲ ಅಂದರೆ ಸ್ವಲ್ಪ ಉರಿಯುತ್ತದೆ, ಅಲ್ವಾ. ಇಲ್ಲಿ ಬರೀ ಆಯ್ಕೆಯಾದವರು ನಿರ್ಧರಿಸುವುದಲ್ಲ, ಜನ ನೇರವಾಗಿಯೂ ನಿರ್ಧರಿಸುತ್ತಾರೆ. ಮ್ಯೂನಿಕ್‌ನಲ್ಲಿ ಫ್ರೌಯೆನ್‌ಕಿರ್ಖೆ ಚರ್ಚ್‌ನ ಗೋಪುರಗಳಿಗಿಂತ ಎತ್ತರದ ಕಟ್ಟಡ ಬೇಡ ಅಂತ 2004ರಲ್ಲಿ ಊರವರೇ ಓಟು ಹಾಕಿ, ಕೂದಲೆಳೆಯಲ್ಲಿ ಗೆದ್ದರು.

ನಮಗೂ ಪೂರ್ತಿ ಬಾಗಿಲು ಮುಚ್ಚಿಲ್ಲ. ನಗರದಲ್ಲಿ ವಿದೇಶಿಯರೇ ಓಟು ಹಾಕಿ ಆರಿಸುವ ವಲಸಿಗರ ಸಲಹಾ ಮಂಡಳಿ ಇದೆ. ನಗರದ 25 ವಾರ್ಡ್‌ಗಳಿಗೂ ಒಂದೊಂದು ಸಮಿತಿ ಇದೆ, ಅದರ ಸಭೆಗೆ ಹೋಗಿ ಕೂರಬಹುದು. ಬವೇರಿಯಾದ ಪ್ರತಿ ಊರಿನಲ್ಲೂ ಮೇಯರ್ ವರ್ಷಕ್ಕೊಮ್ಮೆಯಾದರೂ ಜನರ ಸಭೆ ಕರೆಯಲೇಬೇಕು. ಬ್ಯೂರ್ಗರ್‌ಫೆರ್‌ಸಾಮ್‌ಲುಂಗ್ ಅಂತ ಅದರ ಹೆಸರು. ಅಲ್ಲಿ ವಾಸವಾಗಿರುವವರು ಯಾರು ಬೇಕಾದರೂ ಎದ್ದು ಮಾತಾಡಬಹುದು. ನಾನು ಮೊದಲ ಸಲ ಹೋದಾಗ ಆಟದ ಮೈದಾನದ ದಾರಿಯಲ್ಲಿ ದೀಪ ಇಲ್ಲ ಅಂತ ಹೇಳಬೇಕು ಅಂದುಕೊಂಡಿದ್ದೆ. ಜರ್ಮನ್‌ನಲ್ಲಿ ನಾಲ್ಕು ವಾಕ್ಯ ಬರೆದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನನ್ನ ಸರದಿ ಬರುವ ಮೊದಲೇ ಎಂಬತ್ತು ದಾಟಿದ ಒಬ್ಬರು ಎದ್ದು ಅದೇ ದಾರಿ, ಅದೇ ದೀಪದ ಮಾತೆತ್ತಿ ಇಪ್ಪತ್ತು ನಿಮಿಷ ಜಗಳವಾಡಿದರು. ನಾನು ಚೀಟಿ ಮಡಚಿ ಜೇಬಿಗಿಟ್ಟೆ. ಚಳಿಗಾಲ ಮುಗಿಯುವಷ್ಟರಲ್ಲಿ ಎರಡು ಕಂಬ ಬಂದವು.