ಅಂಗುಳದಲ್ಲಿ ಗಂಟು: ಅಪರೂಪದ ಕ್ಯಾನ್ಸರ್ ಪತ್ತೆ ಮಾಡಿಸುವುದು ಹೇಗೆ?

ಡೊಂಬಿವಲಿಯಲ್ಲಿರುವ ನಮ್ಮ ಭಾವನಿಗೆ ಅಂಗುಳದಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತ್ತು. ನೋವಿಲ್ಲ, ಹುಣ್ಣಿಲ್ಲ. ಅವರು ಗುಟ್ಕಾ, ತಂಬಾಕು ಮುಟ್ಟಿದವರೇ ಅಲ್ಲ. ಹಾಗಾಗಿ ಹತ್ತಿರದ ದವಾಖಾನೆಯಲ್ಲಿ ನಾಲ್ಕು ತಿಂಗಳು ಸುಮ್ನೆ ಮಾತ್ರೆ ಬದಲಾಯಿಸಿದರು. ಕೊನೆಗೆ ಅದು ಜೊಲ್ಲುಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಆ ನಾಲ್ಕು ತಿಂಗಳು ಇನ್ಯಾರಿಗೂ ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಬಾಯಿಯ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 90 ಬಾಯಿಯ ಒಳಪದರದಲ್ಲೇ ಹುಟ್ಟುವ ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಜೊಲ್ಲುಗ್ರಂಥಿಯದ್ದು, ಲಿಂಫೋಮ (ರೋಗನಿರೋಧಕ ಕೋಶಗಳ ಕ್ಯಾನ್ಸರ್), ಮೆಲನೋಮ (ಕಪ್ಪು ಬಣ್ಣ ಕೊಡುವ ಕೋಶಗಳದ್ದು), ಸಾರ್ಕೋಮ (ಮೂಳೆ, ಸ್ನಾಯುಗಳಂಥ ಭಾಗಗಳದ್ದು) ಇವೆಲ್ಲ ಅಪರೂಪ. ಇವು ತಂಬಾಕು ತಿನ್ನದವರಿಗೂ ಬರುತ್ತವೆ.

ಮೊದಲು ಕನ್ನಡಿ, ಟಾರ್ಚ್ ಹಿಡಿದು ನೋಡಿ. ಅಂಗುಳದಲ್ಲಿ ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ತುಟಿ ಅಥವಾ ಕೆನ್ನೆಯಲ್ಲಿ ಜೋಮು ಇದೆಯಾ? ವಸಡು ಕಪ್ಪಗಿರುವುದು ನಮ್ಮಲ್ಲಿ ಮಾಮೂಲು, ಹೆದರಬೇಡಿ. ಹೊಸದಾಗಿ ಬಂದ ಅಥವಾ ಹರಡುತ್ತಿರುವ ಕಪ್ಪು ಮಚ್ಚೆಯನ್ನು ಮಾತ್ರ ಬಿಡಬೇಡಿ. ಎರಡು ಮೂರು ವಾರದಲ್ಲಿ ಹೋಗದ್ದು ಏನೇ ಇದ್ದರೂ ಡಾಕ್ಟರಿಗೆ ತೋರಿಸಲೇಬೇಕು.

ಆಮೇಲೆ ಬಯಾಪ್ಸಿ, ಅಂದರೆ ಗಂಟಿನಿಂದ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು. ಜೊಲ್ಲುಗ್ರಂಥಿಯ ಗಂಟು ಒಳಪದರದ ಕೆಳಗೆ ಬೆಳೆಯುತ್ತದೆ, ಮೇಲೆ ನೋಡಿದರೆ ನುಣ್ಣಗಿರುತ್ತದೆ. ಬರೀ ಮೇಲೆ ಕೆರೆದು ತೆಗೆದರೆ ಸಿಗದೆ ಹೋಗಬಹುದು. ಆಳದ ಚೂರು ಬೇಕು. ಲಿಂಫೋಮದ ಅನುಮಾನವಿದ್ದರೆ ಬಯಾಪ್ಸಿಗೆ ಮೊದಲು ಸ್ಟೆರಾಯ್ಡ್ ಬೇಡ. ಗಂಟು ತಾತ್ಕಾಲಿಕವಾಗಿ ಕರಗಿ, ಬಯಾಪ್ಸಿಯಲ್ಲಿ ರೋಗ ಸಿಗದೆ ಹೋಗಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ರಿಪೋರ್ಟ್ ಕೈಗೆ ಬಂತು ಅಂತ ಲ್ಯಾಬಿನಿಂದ ಹಾಗೇ ಬರಬೇಡಿ. ಸ್ಲೈಡ್ ಮತ್ತು ಬ್ಲಾಕ್ ಕೇಳಿ ಇಸಿಕೊಳ್ಳಿ. ಸ್ಲೈಡ್ ಎಂದರೆ ಚೂರಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ. ಬ್ಲಾಕ್ ಎಂದರೆ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಹೆಪ್ಪುಗಟ್ಟಿದ ಬಿಳಿ ಮೇಣ, ಅದರ ನಡುವೆ ನಿಮ್ಮ ಬಾಯಿಯಿಂದ ತೆಗೆದ ಚೂರು. ಅಪರೂಪದ ರೋಗವನ್ನು ಒಂದೇ ನೋಟಕ್ಕೆ ಗುರುತಿಸುವುದು ಕಷ್ಟ. ಈ ಮೇಣದಿಂದ ಇನ್ನಷ್ಟು ತೆಳು ಪದರ ಕತ್ತರಿಸಿ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಪರೀಕ್ಷೆ ಮಾಡುತ್ತಾರೆ, ಅಂದರೆ ಕೋಶಗಳಲ್ಲಿರುವ ಗುರುತಿನ ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸಿ ನೋಡುತ್ತಾರೆ. ಸಿಡಿ20 ಎಂಬ ಗುರುತು ಬಣ್ಣ ಹಿಡಿದರೆ ಬಿ-ಸೆಲ್ ಎಂಬ ಬಗೆಯ ಲಿಂಫೋಮದ ಕಡೆ ಬೆರಳು ತೋರಿಸುತ್ತದೆ, ಎಚ್‌ಎಂಬಿ-45 ಹಿಡಿದರೆ ಮೆಲನೋಮದ ಕಡೆ. ಹೆಸರು ಬದಲಾದರೆ ಚಿಕಿತ್ಸೆಯೇ ಬದಲಾಗುತ್ತದೆ. ಜೊಲ್ಲುಗ್ರಂಥಿಯದ್ದಾದರೆ ಸಾಮಾನ್ಯವಾಗಿ ಮೊದಲು ಆಪರೇಷನ್, ಲಿಂಫೋಮಕ್ಕೆ ಹೆಚ್ಚಾಗಿ ಔಷಧಿ. ತಪ್ಪು ಹೆಸರಿಗೆ ದವಡೆ ಕೊಯ್ಯಿಸಿಕೊಂಡರೆ ಏನು ಗತಿ, ಅಲ್ವಾ?

ಮುಂಬೈಯ ಪರೇಲಿನಲ್ಲಿ 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹೊರಗಿನ ಸ್ಲೈಡ್, ಬ್ಲಾಕ್‌ಗಳನ್ನು ಮತ್ತೆ ಪರೀಕ್ಷಿಸುತ್ತಾರೆ. ಅಕ್ಕ ಅವನ್ನು ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಎದೆಗೊತ್ತಿಕೊಂಡು ಒಯ್ದಿದ್ದಳು. ನೀವೂ ಹಾಗೇ ಮಾಡಿ. ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ.

ಸ್ಕ್ಯಾನ್ ಯಾವುದು ಬೇಕೆಂದು ಡಾಕ್ಟರೇ ಹೇಳುತ್ತಾರೆ. ಅಡಿನಾಯ್ಡ್ ಸಿಸ್ಟಿಕ್ ಎಂಬ ಜೊಲ್ಲುಗ್ರಂಥಿಯ ಕ್ಯಾನ್ಸರ್ ನರದ ಗುಂಟ ಹಬ್ಬುತ್ತದೆ. ಅದನ್ನು ಹುಡುಕಲು ಎಂಆರ್‌ಐ, ಶ್ವಾಸಕೋಶಕ್ಕೆ ಹೋಗಿದೆಯಾ ನೋಡಲು ಎದೆಯ ಸಿಟಿ. ಜೋಮು ಯಾವ ಜಾಗದಲ್ಲಿ, ಯಾವಾಗಿನಿಂದ ಇದೆ ಎಂದು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಎಂಆರ್‌ಐ ನೋಡುವವರಿಗೆ ಯಾವ ನರ ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ.