ಪ್ರತಿಕೃತಿ ಕತ್ತಿ ಕೊಳ್ಳುವ ಮುನ್ನ ಹಿಡಿಯೊಳಗೆ ಇಣುಕಿ ನೋಡಿ

ಹಳೇ ಕಾಲದ ಕತ್ತಿಯ ಪ್ರತಿಕೃತಿ ಕೊಳ್ಳುವವರು ಮೊದಲು ಹೊಳಪು ನೋಡುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ. ನನ್ನ ಗೆಳೆಯನೊಬ್ಬ ಕನ್ನಡಿಯಂತೆ ಮಿಂಚುವ ಕತ್ತಿ ತಂದ. ನಾಲ್ಕು ಸಲ ಗಾಳಿಯಲ್ಲಿ ಬೀಸಿದ. ಐದನೇ ಸಲ ಹಿಡಿ ಮಾತ್ರ ಕೈಯಲ್ಲಿ ಉಳಿಯಿತು, ಅಲಗು ಹಾರಿ ಗೋಡೆಗೆ ಬಡಿಯಿತು. ಎದುರಿಗೆ ಯಾರೂ ಇರಲಿಲ್ಲ, ಪುಣ್ಯ.

ಹಂತ 1: ಗೋಡೆಗೋ, ಕೈಗೋ? ಮೊದಲೇ ತೀರ್ಮಾನಿಸಿ. ಗೋಡೆಗಾದರೆ ಯಾವುದಾದರೂ ನಡೆಯುತ್ತದೆ.

ಹಂತ 2: ಉಕ್ಕು ಯಾವುದು ಎಂದು ಕೇಳಿ. ಸ್ಟೇನ್‌ಲೆಸ್ ಅಂದರೆ ಬೇಡ ಅನ್ನಿ. ಅಡುಗೆಮನೆ ಚಾಕುವಿಗೆ ಅದು ಸರಿ, ಆದರೆ ಅಷ್ಟುದ್ದದ ಅಲಗಾದಾಗ ಬಳುಕುವ ಬದಲು ಮುರಿಯುತ್ತದೆ. 1060, 1075 ಕಾರ್ಬನ್ ಸ್ಟೀಲ್ ಅಥವಾ 5160, 6150 ಸ್ಪ್ರಿಂಗ್ ಸ್ಟೀಲ್ ಇರಲಿ. 1060 ಅಂದರೆ ಸುಮಾರು 0.60% ಇಂಗಾಲ. ಅಂಕಿ ಜಾಸ್ತಿ ಆದಷ್ಟೂ ಕತ್ತಿ ಒಳ್ಳೆಯದು ಅಂತೇನಿಲ್ಲ, ಕಾಯಿಸಿ ತಣಿಸಿ ಹದ ಹೇಗೆ ಕೊಟ್ಟಿದ್ದಾರೆ ಅನ್ನುವುದೇ ಮುಖ್ಯ. ಅಂದಹಾಗೆ, ಮೈತುಂಬ ಅಲೆಯಂಥ ಗೆರೆಗಳಿರುವ ಉಕ್ಕನ್ನು ‘ಡಮಾಸ್ಕಸ್’ ಅನ್ನುತ್ತಾರೆ, ಆದರೆ ಅಗ್ಗದ ಅಲಗಿನಲ್ಲಿ ಆ ಅಲೆಗಳು ಎಷ್ಟೋ ಸಲ ಮಾಮೂಲಿ ಉಕ್ಕಿನ ಮೇಲೆ ಆಸಿಡ್‌ನಿಂದ ಬರೆದ ಚಿತ್ರ ಅಷ್ಟೇ.

ಹಂತ 3: ಹಿಡಿಯೊಳಗೆ ಏನಿದೆ? ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಅಲಗಿನ ಬಾಲ ಹಿಡಿಯೊಳಗೆ ಹೋಗುತ್ತದೆ, ಅದನ್ನು ಟ್ಯಾಂಗ್ ಅನ್ನುತ್ತಾರೆ. ಒಳ್ಳೆಯ ಕತ್ತಿಯಲ್ಲಿ ಅದು ಅಲಗಿನದ್ದೇ ಭಾಗ, ಅಗಲವಾಗಿರುತ್ತದೆ. ಅಗ್ಗದ್ದರಲ್ಲಿ ಪೆನ್ಸಿಲ್ ದಪ್ಪದ ಕಂಬಿಯನ್ನು ಅಲಗಿನ ಬುಡಕ್ಕೆ ವೆಲ್ಡ್ ಮಾಡಿರುತ್ತಾರೆ. ಗೆಳೆಯನ ಕತ್ತಿ ಮುರಿದದ್ದು ಸರಿಯಾಗಿ ಆ ವೆಲ್ಡ್‌ನಲ್ಲೇ. ಮುರಿದ ಜಾಗದಲ್ಲಿ ಅರ್ಧ ಭಾಗ ಆಗಲೇ ಕಪ್ಪಾಗಿತ್ತು, ಬಿರುಕು ಎಷ್ಟೋ ಮುಂಚೆಯೇ ಬಿಟ್ಟಿತ್ತು.

ಯುರೋಪಿನ ಕತ್ತಿಯಾದರೆ ಹಿಡಿಯ ತುದಿಯ ಗುಂಡು ನೋಡಿ. ಟ್ಯಾಂಗ್‌ನ ತುದಿಯನ್ನು ಕಾಯಿಸಿ ಬಡಿದು ರಿವಿಟ್‌ನಂತೆ ಕೂರಿಸಿದ್ದರೆ ನನ್ನ ಓಟು ಅದಕ್ಕೇ. ನಟ್ ಇದ್ದ ಮಾತ್ರಕ್ಕೆ ತಳ್ಳಿಹಾಕಬೇಡಿ. ನಟ್ ತಿರುಗುವ ಥ್ರೆಡ್ ಟ್ಯಾಂಗ್‌ನ ಮೇಲೆಯೇ ಕೊರೆದದ್ದೋ, ವೆಲ್ಡ್ ಮಾಡಿದ ಕಂಬಿಯ ಮೇಲಿದೆಯೋ, ಅಷ್ಟು ಕೇಳಿ. ಟ್ಯಾಂಗ್ ಅಲಗಿಗೆ ಸೇರುವ ಮೂಲೆ ದುಂಡಗಿರಬೇಕು, ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಹಿಡಿ ಬಿಚ್ಚಿದ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಜಪಾನಿನ ಕಟಾನ ಕತ್ತಿಯಲ್ಲಿ ಹಿಡಿಯನ್ನು ಹಿಡಿದಿಡುವ ಬಿದಿರಿನ ಗೂಟ ತೆಗೆದು ಹಿಡಿ ಬಿಚ್ಚಿದರೆ ಟ್ಯಾಂಗ್ ನೀವೇ ನೋಡಬಹುದು. ಕೊನೆಗೆ, ಅಲಗು ಮೇಲಕ್ಕಿರುವಂತೆ ಹಿಡಿದು ಹಿಡಿಯ ಮೇಲೆ ಅಂಗೈಯಿಂದ ತಟ್ಟಿ. ಗಡಗಡ ಸದ್ದು ಬಂದರೆ ಒಳಗೆ ಸಡಿಲ.

ಹಂತ 4: ತೂಕ ಮತ್ತು ದಪ್ಪ. ಮಧ್ಯಯುಗದ ಯುರೋಪಿನ ಒಂಟಿಗೈ ಕತ್ತಿಗಳು ಹೆಚ್ಚಾಗಿ 1ರಿಂದ 1.3 ಕೆ.ಜಿ. ಇರುತ್ತಿದ್ದವು. 2 ಕೆ.ಜಿ. ಇದ್ದರೆ ಅದು ಕತ್ತಿಯಲ್ಲ, ಸರಳು. ವರ್ನಿಯರ್ ಕ್ಯಾಲಿಪರ್‌ನಿಂದ ಅಲಗಿನ ದಪ್ಪ ಅಳೆಯಿರಿ. ಬುಡದಲ್ಲಿ 5 ಮಿ.ಮೀ. ಇದ್ದದ್ದು ಮೊನೆಯ ಹತ್ತಿರ 2–3ಕ್ಕೆ ಇಳಿದಿರಬೇಕು. ಪೂರ್ತಿ ಒಂದೇ ದಪ್ಪವಿದ್ದರೆ ತಗಡು ಕತ್ತರಿಸಿ ಮಾಡಿದ್ದು, ಬೀಸಿದಾಗ ಮಣಿಕಟ್ಟು ಎಳೆಯುತ್ತದೆ.

ಹಂತ 5: ತಯಾರಕರು. ಅಮೆರಿಕದ ವಿಸ್ಕಾನ್ಸಿನ್‌ನ ಆಲ್ಬಿಯನ್ ಎಂಬ ಕತ್ತಿ ಕಂಪನಿಗೆ ವಿನ್ಯಾಸ ಮಾಡಿದ ಪೀಟರ್ ಜಾನ್ಸನ್ ಮ್ಯೂಸಿಯಂಗಳಲ್ಲಿ ಮೂಲ ಕತ್ತಿಗಳನ್ನೇ ಅಳೆದವರು. ಆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಬೆಲೆ ಜಾಸ್ತಿ ನಿಜ, ಮರಳಿ ಮಾರಿದರೂ ಬೆಲೆ ಸಿಗುತ್ತದೆ. 1943ರಲ್ಲಿ ಶುರುವಾದ ಡೆಹ್ರಾಡೂನ್‌ನ ವಿಂಡ್ಲಾಸ್ ಮತ್ತು ಚೀನಾದ ಹಾನ್ವೇ ಕಡಿಮೆ ದುಡ್ಡಿಗೆ ಕೈಗೆಟುಕುತ್ತವೆ. ಯಾರದ್ದೇ ಆಗಲಿ, ಹಂತ 3 ಮತ್ತು 4 ಬಿಡಬೇಡಿ. ಮೂರು ಅಗ್ಗದ ಕತ್ತಿಗಳ ದುಡ್ಡು ಕೂಡಿಟ್ಟು ಒಂದು ಒಳ್ಳೆಯದನ್ನು ತನ್ನಿ.

ಹಂತ 6: ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದುಕೊಂಡು ತುಕ್ಕು ತರುತ್ತದೆ.