ಕಾಫಿ ದುಡ್ಡಿಗೆ ಹನ್ನೆರಡು ಪಾಲು

ದುಡ್ಡು ನಿಭಾಯಿಸುವ ಬಗ್ಗೆ ಬರುವ ಸಲಹೆಗಳೆಲ್ಲ ತಿಂಗಳ ಸಂಬಳದವರಿಗೇ ಬರೆದ ಹಾಗಿರುತ್ತವೆ. ಒಂದನೇ ತಾರೀಖು ಇಷ್ಟು ಬರುತ್ತದೆ, ಅದರಲ್ಲಿ ಇಷ್ಟು ಎತ್ತಿಡಿ ಅಂತ. ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ನಮ್ಮಂಥ ಸಣ್ಣ ತೋಟದ ಮನೆಗಳಿಗೆ ಆ ಒಂದನೇ ತಾರೀಖೇ ಇಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ಆಮೇಲೆ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ಒಣಗಿಸಿ, ಮೂಟೆ ಕಟ್ಟಿ ಮಾರಿದ ದುಡ್ಡು ಬೇಸಿಗೆಯೊಳಗೆ ಕೈಗೆ ಬಂದರೆ ಬಂತು. ಅಲ್ಲಿಂದ ಮುಂದಿನ ಕೊಯ್ಲಿನ ತನಕ ಬರೀ ಖರ್ಚು. ಅದರಲ್ಲೂ ದುಡ್ಡು ಬರುವುದು ಸರಿಯಾಗಿ ಮದುವೆ, ಗೃಹಪ್ರವೇಶಗಳ ಕಾಲಕ್ಕೆ. ಜೂನಿನಲ್ಲಿ ಮಳೆ ಹಿಡಿದು ಮಕ್ಕಳ ಶಾಲೆ ಶುರುವಾಗುವಷ್ಟರಲ್ಲಿ ಪಾಸ್‌ಬುಕ್ಕು ಖಾಲಿ.

ನಾನು ಮದುವೆಯಾಗಿ ಈ ಕಡೆ ಬಂದಾಗ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕಿತ್ತು, ಎಲ್ಲರ ಬೆಳೆ ಒಟ್ಟುಗೂಡಿಸಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ತಡ ಮಾಡುತ್ತಾರೆ ಅಂತ ಎಲ್ಲರೂ ಗೊಣಗುತ್ತಿದ್ದರು, ಗೊಣಗಿದ್ದು ನ್ಯಾಯವೇ. ಆದರೆ ಆ ಕಂತುಗಳಿಂದಾಗಿ ಮಳೆಗಾಲದಲ್ಲೂ ಮನೆಗೆ ನಾಲ್ಕು ಕಾಸು ಬರುತ್ತಿತ್ತು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಗಿ, ಬೆಳೆಗಾರರು ಬೇಕಾದವರಿಗೆ ಮಾರಬಹುದು ಅಂತಾಯಿತು. ಅಷ್ಟರಲ್ಲಿ 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಹೊಡೆದು ಇಲ್ಲಿ ಬೆಲೆ ಏರಿತ್ತು. ಊರಿಗೆ ಜೀಪುಗಳು ಬಂದವು, ಹೆಂಚಿನ ಮನೆಗಳು ತಾರಸಿಯಾದವು. 2001-02ರಲ್ಲಿ ಬೆಲೆ ನೆಲಕಚ್ಚಿದಾಗ ಸಾಲಕ್ಕೆ ಸಿಕ್ಕಿ ನರಳಿದ ಮನೆಗಳಲ್ಲಿ ಆ ಒಳ್ಳೆಯ ಕಾಲದಲ್ಲಿ ಕೈ ಬಿಚ್ಚಿದವೂ ಇದ್ದವು. 2024ರಿಂದೀಚೆಗೆ ಮತ್ತೆ ಒಳ್ಳೆಯ ಬೆಲೆ ನೋಡಿದ್ದೇವೆ. ಅದಕ್ಕೇ ಇದನ್ನು ಈಗಲೇ ಹೇಳಬೇಕು ಅನ್ನಿಸಿತು. ಬೋರ್ಡು ಮಾಡುತ್ತಿದ್ದ ಕಂತಿನ ಕೆಲಸವನ್ನು ಈಗ ಮನೆಯವರೇ ಮಾಡಿಕೊಳ್ಳಬೇಕು. ಬೆಳೆಯ ದುಡ್ಡಿನಿಂದ ನಮಗೆ ನಾವೇ ತಿಂಗಳ ಸಂಬಳ ಕೊಟ್ಟುಕೊಳ್ಳಬೇಕು.

ಪಕ್ಕದ ಮನೆಯ ಸೊಸೆ ಕಳೆದ ವರ್ಷ ಬಂದು, "ದೊಡ್ಡಮ್ಮ, ಈ ಸಲ ಆರು ಲಕ್ಷ ಬಂದಿತ್ತು. ಆದ್ರೂ ಆಗಸ್ಟಿಗೆ ನನ್ನ ಬಳೆ ಅಡ ಇಡೋ ಹಾಗಾಯ್ತಲ್ಲ" ಅಂತ ಕಣ್ಣೀರು ಹಾಕಿದಳು. ಜಗಲಿ ಮೇಲೆ ಕೂರಿಸಿಕೊಂಡು, ಅವಳ ಮಗನ ಹಳೇ ನೋಟುಬುಕ್ಕಿನ ಹಿಂಬದಿ ಹಾಳೆಯಲ್ಲೇ ಲೆಕ್ಕ ಹಾಕಿದೆವು. ಮೇಲೆ 6,00,000 ಅಂತ ಬರೆದೆ. ಮೊದಲು ಸೊಸೈಟಿಯ ಬೆಳೆ ಸಾಲ 1,50,000 ಕಳೆದೆ. ಸಹಕಾರ ಸಂಘದ ಈ ಸಾಲಕ್ಕೆ 5 ಲಕ್ಷದವರೆಗೆ ಬಡ್ಡಿಯಿಲ್ಲ ಅಂತ 2023ರಲ್ಲಿ ಸರ್ಕಾರ ಹೇಳಿದ್ದು ನಿಜ. ಆದರೆ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಆ ಅನುಕೂಲ, ಹಾಗಾಗಿ ಅದು ಮೊದಲ ಪಾಲು. ಗೊಬ್ಬರ, ಔಷಧಿ, ಕಪಾತು, ಆಳುಗಳ ಬಟವಾಡೆ ಎಲ್ಲ ಸೇರಿ ತೋಟಕ್ಕೆ 1,80,000. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷಕ್ಕೆ ಅಂತ 30,000 ಬೇರೆ ಇಡು ಅಂದೆ. ಉಳಿದದ್ದು 2,40,000. ಅದನ್ನು ಹನ್ನೆರಡರಿಂದ ಭಾಗಿಸಿ ಅಂಕಿಯ ಸುತ್ತ ಒಂದು ಗೆರೆ ಎಳೆದೆ. ಅವಳು ಹಾಳೆಯನ್ನೇ ನೋಡುತ್ತ, "ಆರು ಲಕ್ಷ ಅಂದ್ರೆ ಇಪ್ಪತ್ತು ಸಾವಿರದ ಸಂಬಳಾನಾ ದೊಡ್ಡಮ್ಮ?" ಅಂದಳು. ಹೌದಮ್ಮ, ಅಷ್ಟೇ. ಇದು ಗೊತ್ತಿದ್ದರೆ ಮಾರ್ಚಿನಲ್ಲಿ ಎಷ್ಟು ದೊಡ್ಡ ಟೀವಿ ತರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಲೆಕ್ಕ ಹಾಕಿದರೆ ಸಾಲದು, ದುಡ್ಡನ್ನೂ ಹಾಗೇ ಬೇರೆ ಮಾಡಬೇಕು. ಎರಡು ಖಾತೆ ಇಟ್ಟುಕೊಳ್ಳಿ, ಒಂದು ಬೆಳೆಯ ದುಡ್ಡಿಗೆ, ಇನ್ನೊಂದು ಮನೆ ಖರ್ಚಿಗೆ. ಪ್ರತಿ ತಿಂಗಳು ಇಂಥ ತಾರೀಖು ಇಷ್ಟು ದುಡ್ಡು ಆ ಖಾತೆಯಿಂದ ಈ ಖಾತೆಗೆ ಹೋಗಲಿ ಅಂತ ಬ್ಯಾಂಕಿನಲ್ಲಿ ಒಮ್ಮೆ ಬರೆದುಕೊಟ್ಟರೆ ಆಯಿತು, ಅವರೇ ಹಾಕುತ್ತಾರೆ. ಎಟಿಎಂ ಕಾರ್ಡು, ಫೋನ್‌ಪೇ ಎಲ್ಲ ಮನೆ ಖಾತೆಗೆ ಮಾತ್ರ ಇರಲಿ. ತೋಟದ ಪಾಲನ್ನು ಒಂದೇ ದೊಡ್ಡ ಎಫ್‌ಡಿ ಮಾಡಬೇಡಿ. ಮಳೆಗಾಲ ಮುಗಿದ ಮೇಲಿನ ಗೊಬ್ಬರಕ್ಕೆ ಸೆಪ್ಟೆಂಬರಿಗೆ ಮುಗಿಯುವ ಒಂದು, ಕೊಯ್ಲಿನ ಆಳುಗಳಿಗೆ ನವೆಂಬರಿಗೆ ಮುಗಿಯುವ ಇನ್ನೊಂದು, ಹೀಗೆ ಸಣ್ಣ ಸಣ್ಣ ರಸೀದಿಗಳಾಗಿ ಮಾಡಿಸಿ. ನಡುವೆ ಆಸ್ಪತ್ರೆ ಖರ್ಚು ಬಂದರೆ ಒಂದನ್ನು ಮುರಿಸಿದರೆ ಸಾಕು, ಉಳಿದವುಗಳ ಬಡ್ಡಿ ಹಾಳಾಗುವುದಿಲ್ಲ. ಇನ್ನೊಂದು ಮಾತು: ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. 2020ಕ್ಕೆ ಮುಂಚೆ ಅದು ಬರೀ 1 ಲಕ್ಷ ಇತ್ತು. ಅದಕ್ಕಿಂತ ಹೆಚ್ಚು ಇದ್ದವರು ಎರಡು ಬ್ಯಾಂಕಿನಲ್ಲಿ ಹಂಚಿ ಇಡುವುದು ಒಳ್ಳೆಯದು.

ಮಳೆಗಾಲದಲ್ಲಿ ಕೈ ಬರಿದಾದಾಗ ಹೆಚ್ಚಿನವರು ಮಾಡುವುದು ವ್ಯಾಪಾರಿಯ ಹತ್ತಿರ ಮುಂಗಡ ತರುವುದು. ಮುಂಗಡ ತಂದ ಮೇಲೆ ಬೆಳೆ ಅವನಿಗೇ, ಅವನು ಹೇಳಿದ ಹೊತ್ತಿಗೇ ಕೊಡಬೇಕು. ಬೆಲೆ ಏರುವ ತನಕ ಎರಡು ವಾರ ಕಾಯೋಣ ಅನ್ನುವ ಮಾತೇ ಇಲ್ಲ. ಮೂಟೆಗೆ ಇನ್ನೂರು ಮುನ್ನೂರು ಕಡಿಮೆ ಸಿಕ್ಕರೂ ಬಾಯಿ ಬಿಡುವ ಹಾಗಿಲ್ಲ. ಆ ನಷ್ಟ ಬಡ್ಡಿ ಅಂತ ಎಲ್ಲೂ ಬರೆದಿರುವುದಿಲ್ಲ, ಆದರೆ ಅದೂ ಬಡ್ಡಿಯೇ.

ಬಡ್ಡಿಯ ವಿಷಯಕ್ಕೆ ಬಂದರೆ, ಸಾಲ ಕೊಡುವವರು ಯಾರೇ ಇರಲಿ, ಒಂದೇ ಪ್ರಶ್ನೆ ಕೇಳಿ: ವರ್ಷಕ್ಕೆ ನೂರಕ್ಕೆ ಎಷ್ಟು? ನಮ್ಮೂರಲ್ಲಿ "ಎರಡು ರೂಪಾಯಿ ಬಡ್ಡಿ ಅಷ್ಟೇ" ಅನ್ನುತ್ತಾರೆ. ಅದು ತಿಂಗಳಿಗೆ ನೂರಕ್ಕೆ ಎರಡು, ಅಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಐವತ್ತು ಸಾವಿರ ತಂದರೆ ವರ್ಷಕ್ಕೆ ಹನ್ನೆರಡು ಸಾವಿರ ಬಡ್ಡಿ. ಅದೇ ಐವತ್ತು ಸಾವಿರಕ್ಕೆ ಬ್ಯಾಂಕಿನ ಒಡವೆ ಸಾಲ ವರ್ಷಕ್ಕೆ ನೂರಕ್ಕೆ ಹತ್ತರ ಹಾಗೆ ಸಿಕ್ಕರೆ ಐದು ಸಾವಿರ. ಒಡವೆ ಬ್ಯಾಂಕಿಗೆ ಹೋಯಿತು ಅಂತ ಹೆಣ್ಣುಮಕ್ಕಳು ನಾಚಿಕೆಪಡುತ್ತಾರೆ, ಕೈಸಾಲದ ಬಡ್ಡಿಗೆ ಮಾತ್ರ ನಾಚಿಕೆಪಡುವುದಿಲ್ಲ. ಇದು ತಿರುಗಾಮುರುಗಾ ಆಗಬೇಕು.

ಫೈನಾನ್ಸಿನವರು ಹೇಳುವ 'ಫ್ಲ್ಯಾಟ್' ಬಡ್ಡಿಯನ್ನೂ ತಿಳಿದುಕೊಳ್ಳಿ. ಹನ್ನೆರಡು ಸಾವಿರ ಸಾಲ, ಫ್ಲ್ಯಾಟ್ ನೂರಕ್ಕೆ ಹನ್ನೆರಡು, ಹನ್ನೆರಡು ತಿಂಗಳ ಕಂತು ಅಂದುಕೊಳ್ಳಿ. ಬಡ್ಡಿ 1,440 ಸೇರಿ ತಿಂಗಳಿಗೆ 1,120 ಕಟ್ಟುತ್ತೀರಿ. ಆರು ತಿಂಗಳಾಗುವಷ್ಟರಲ್ಲಿ ಅಸಲಿನ ಅರ್ಧ ತೀರಿರುತ್ತದೆ. ಆದರೂ ಬಡ್ಡಿ ಪೂರ್ತಿ ಹನ್ನೆರಡು ಸಾವಿರದ ಮೇಲೇ ಓಡುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ನೂರಕ್ಕೆ ಇಪ್ಪತ್ತೊಂದರ ಮೇಲಾಗುತ್ತದೆ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಗುಂಪಿನಲ್ಲಿ ಸಾಲ ಎತ್ತುವುದನ್ನಂತೂ ದಯವಿಟ್ಟು ಶುರು ಮಾಡಬೇಡಿ. ವಸೂಲಿಗೆ ಬಂದವರು ಮನೆ ಮುಂದೆ ಕೂತು ಹೆದರಿಸಿದರೆ ಸುಮ್ಮನೆ ಸಹಿಸಬೇಕಾಗಿಲ್ಲ. ಅಂಥ ಕಿರುಕುಳ ತಡೆಯಲೆಂದೇ ನಮ್ಮ ರಾಜ್ಯದಲ್ಲಿ 2025ರಲ್ಲಿ ಸುಗ್ರೀವಾಜ್ಞೆ ಬಂತು. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.

ಖರ್ಚು ಬರೆಯುವ ಪುಸ್ತಕ ಇಡಿ ಅಂದರೆ ಹತ್ತು ದಿನ ಬರೆದು ಬಿಡುತ್ತಾರೆ. ಕೊತ್ತಂಬರಿ ಸೊಪ್ಪಿನ ಹತ್ತು ರೂಪಾಯಿಯನ್ನೂ ಬರೆಯಲು ಹೋಗುವುದೇ ಅದಕ್ಕೆ ಕಾರಣ. ನಮ್ಮಲ್ಲಿ ಮುಯ್ಯಿ ಪುಸ್ತಕ ಇಲ್ಲದ ಮನೆಯಿಲ್ಲ. ಯಾರ ಮದುವೆಗೆ ಎಷ್ಟು ಹಾಕಿದೆವು, ನಮ್ಮ ಮನೆಯ ಮದುವೆಗೆ ಯಾರು ಎಷ್ಟು ಹಾಕಿದರು, ಮೂವತ್ತು ವರ್ಷದ್ದೂ ಸಿಗುತ್ತದೆ. ಅಷ್ಟು ಶಿಸ್ತು ಇರುವವರಿಗೆ ಮನೆ ಲೆಕ್ಕ ಏನೂ ಕಷ್ಟವಲ್ಲ. ಐನೂರು ರೂಪಾಯಿ ದಾಟಿದ್ದನ್ನು ಮಾತ್ರ ಬರೆಯಿರಿ. ಮನೆ, ತೋಟ, ನೆಂಟರಿಷ್ಟರು ಅಂತ ಮೂರು ಕಾಲಂ ಸಾಕು. ಮೂರನೆಯ ಕಾಲಂ ನೋಡಿ ಎಷ್ಟೋ ಜನ ಬೆಚ್ಚಿಬೀಳುತ್ತಾರೆ. ಮುಯ್ಯಿ ಬಿಡಿ ಅಂತ ನಾನು ಹೇಳುವುದಿಲ್ಲ, ಕಷ್ಟಕ್ಕಾಗುವವರು ಅವರೇ. ಆದರೆ ತಿಂಗಳ ಸಂಬಳದಲ್ಲಿ ಅದಕ್ಕೂ ಒಂದು ಪಾಲು ಇರಬೇಕು.

ಸಾಸಿವೆ ಡಬ್ಬಿಯ ದುಡ್ಡು ಹೆಂಗಸರ ಧೈರ್ಯ. ಅದನ್ನು ಬಿಡಬೇಡಿ, ಎರಡು ಮೂರು ಸಾವಿರ ಕೈಗೆ ಸಿಗುವ ಹಾಗಿರಲಿ. ಅದಕ್ಕಿಂತ ಹೆಚ್ಚಾದದ್ದು ಅಂಚೆ ಕಚೇರಿಯ ಆರ್‌ಡಿಗೆ ಹೋಗಲಿ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಡಬ್ಬಿಯೊಳಗಿನ ನೋಟು ಹಿಡಿದು ಕ್ಯೂ ನಿಂತವರನ್ನು ಕಣ್ಣಾರೆ ಕಂಡಿದ್ದೇನೆ. ಆರ್‌ಡಿ ತಿಂಗಳಿಗೆ ನೂರು ರೂಪಾಯಿಯಿಂದಲೇ ಶುರು ಮಾಡಬಹುದು, ಅವಧಿ ಐದು ವರ್ಷ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಐನೂರು ಅಲ್ಲಿ ಹಾಕಿದರೆ ಅಸಲೇ ಮೂವತ್ತು ಸಾವಿರ ಆಗುತ್ತದೆ, ಬಡ್ಡಿ ಬೇರೆ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ, ವರ್ಷಕ್ಕೆ 250 ಕಟ್ಟಿದರೂ ಖಾತೆ ನಡೆಯುತ್ತದೆ.

ಗಂಡಸರಿಗೆ ಒಂದು ಮಾತು. ಯಾವ ಬ್ಯಾಂಕಿನಲ್ಲಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಹೆಂಡತಿಗೆ ಗೊತ್ತಿರಲಿ. ಎಲ್ಲ ಖಾತೆಗೂ ನಾಮಿನಿ ಇದೆಯಾ ಅಂತ ಈ ವಾರವೇ ನೋಡಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ವಾಪಸ್ ಕೇಳುವ ಹಕ್ಕು ವಾರಸುದಾರರಿಗೆ ಇದ್ದರೂ ಓಡಾಟ ತಪ್ಪಿದ್ದಲ್ಲ.

ಹಾಗೇ ಬ್ಯಾಂಕಿಗೆ ಹೋದಾಗ ಎರಡು ಸರ್ಕಾರಿ ವಿಮೆಯ ಅರ್ಜಿ ತುಂಬಿ ಬನ್ನಿ. ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, 18ರಿಂದ 50 ವರ್ಷದವರು ಸೇರಬಹುದು. ಅಪಘಾತದ ಸುರಕ್ಷಾ ವಿಮೆಗೆ ಬರೀ 20 ರೂಪಾಯಿ, ವಯಸ್ಸು 70ರವರೆಗೆ. ಜೀವ ಹೋದರೆ ಎರಡರಲ್ಲೂ ಮನೆಯವರಿಗೆ ತಲಾ 2 ಲಕ್ಷ, ಸುರಕ್ಷಾ ವಿಮೆಯದು ಅಪಘಾತಕ್ಕೆ ಮಾತ್ರ. ಮರಗಸಿ ಮಾಡುವವರು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವರು, ಮೆಣಸಿಗೆ ಏಣಿ ಹತ್ತುವವರು ಇದನ್ನು ಬಿಡಲೇಬಾರದು, ನಿಮ್ಮ ತೋಟದ ಆಳುಗಳಿಗೂ ನೀವೇ ಮಾಡಿಸಿಕೊಡಿ. ದುಡ್ಡು ಖಾತೆಯಿಂದ ಕಡಿತವಾಗುವುದು ಮೇ ಕೊನೆಯಲ್ಲಿ, ಜೂನ್ ಒಂದರಿಂದ ಹೊಸ ವರ್ಷ ಶುರು. ಆ ಹೊತ್ತಿಗೆ ಖಾತೆಯಲ್ಲಿ ಐನೂರು ರೂಪಾಯಿಯಾದರೂ ಇರುವ ಹಾಗೆ ನೋಡಿಕೊಳ್ಳಿ.